ಟರ್ಪೆಂಟೈನ್ ಕುಡಿದು ಓಡಿದ ಸೈಕಲ್ಲು

ನಮ್ಮ ಐ.ಸಿ. ಎಂಜಿನ್ ಪಠ್ಯದಲ್ಲಿ ಸ್ಟ್ರ್ಯಾಟಿಫೈಡ್ ಚಾರ್ಜ್ ಎಂಬ ಒಂದು ಪುಟವಿದೆ. ಒಂದು ಚಿತ್ರ, ನಾಲ್ಕು ಸಾಲು ವಿವರಣೆ, ಉದಾಹರಣೆಗೆ ಹೋಂಡಾ ಸಿವಿಸಿಸಿ ಎಂಬ ಹೆಸರು. ಚಿತ್ರ ಬಾಯಿಪಾಠ ಮಾಡಿ ಮುಂದಿನ ಅಧ್ಯಾಯಕ್ಕೆ ಹಾರುವುದು ಬಿಇ ಹುಡುಗರ ಪದ್ಧತಿ. ನಾನು ಮಾತ್ರ ಆ ಪುಟದಲ್ಲೇ ನಿಂತೆ. ನಮ್ಮ ಅಂಗಳದ ಸ್ಕೂಟರ್ ಮೇಲಿರುವ ಹೆಸರು ಅದು. ಕೋಲಾರದ ಹತ್ತಿರ ನರಸಾಪುರದಲ್ಲಿ ಆ ಹೆಸರಿನ ದೊಡ್ಡ ಕಾರ್ಖಾನೆಯೇ ಇದೆ, ಅಲ್ಲಿ ಕೆಲಸ ಸಿಕ್ಕರೆ ಸಾಕು ಎನ್ನುವ ಗೆಳೆಯರೂ ನನಗಿದ್ದಾರೆ. ಆದರೆ ಹೋಂಡಾ ಎಂದರೆ ಒಬ್ಬ ಮನುಷ್ಯ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಹೊಳೆದಿದೆ? ಸೊಯಿಚಿರೊ ಹೋಂಡಾ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಕೊಂಡವರು. ಅವರ ಬದುಕನ್ನು ಓದುತ್ತಾ ಹೋದಂತೆ ನನಗೆ ಕಂಡಿದ್ದು ಒಂದೇ ದಾರ: ಎಂಜಿನ್‌ಗೆ ಏನು ಕುಡಿಸಬೇಕು, ಅದು ಏನು ಉಗುಳುತ್ತದೆ ಎಂಬ ಪ್ರಶ್ನೆ.

1906ರ ನವೆಂಬರ್ 17ರಂದು ಜಪಾನಿನ ಶಿಜುವೊಕಾ ಪ್ರಾಂತ್ಯದ ಕೊಮ್ಯೊ ಎಂಬ ಹಳ್ಳಿಯಲ್ಲಿ ಅವರು ಹುಟ್ಟಿದರು. ಅಪ್ಪ ಕಮ್ಮಾರ. ಕುಲುಮೆಯ ಜತೆಗೆ ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದರು. ಒಂದು ದಿನ ಆ ಊರಿಗೆ ಮೊದಲ ಸಲ ಮೋಟಾರು ಕಾರು ಬಂತು. ಹುಡುಗ ಅದರ ಹಿಂದೆ ಓಡಿದ. ಕಾರು ನಿಂತಲ್ಲಿ ನೆಲಕ್ಕೆ ಸೋರಿದ ಎಣ್ಣೆಯನ್ನು ಮೂಸಿ ನೋಡಿ ಕೈಗೆ ಬಳಿದುಕೊಂಡ. ಆ ವಾಸನೆ ಅವರಿಗೆ ಜೀವಮಾನವಿಡೀ ಮರೆಯಲಿಲ್ಲ.

15ನೇ ವಯಸ್ಸಿಗೆ ಟೋಕಿಯೊದ ಆರ್ಟ್ ಶೋಕಾಯ್ ಎಂಬ ಗ್ಯಾರೇಜಿಗೆ ಸೇರಿದರು. ಕೆಲಸ ಕಲಿಯಲು ಹೋದ ಹುಡುಗನಿಗೆ ಮೊದಲು ಸಿಕ್ಕಿದ್ದು ಮಾಲೀಕರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವ ಕೆಲಸ. ಆಮೇಲೆ ಸ್ಪ್ಯಾನರ್ ಹಿಡಿದರು, 1928ರಲ್ಲಿ ಹಮಾಮಾಟ್ಸುವಿನಲ್ಲಿ ಅದೇ ಗ್ಯಾರೇಜಿನ ಶಾಖೆ ತೆರೆದರು.

ಗ್ಯಾರೇಜು ಚೆನ್ನಾಗಿ ನಡೆಯುತ್ತಿರುವಾಗಲೇ ಪಿಸ್ಟನ್ ರಿಂಗ್ ತಯಾರಿಸುವ ಹುಚ್ಚು ಹತ್ತಿತು. ಎಷ್ಟು ಎರಕ ಹೊಯ್ದರೂ ರಿಂಗು ಸರಿಬರಲಿಲ್ಲ. ಓದು ಸಾಲದು ಎಂದು ಗೊತ್ತಾದ ಮೇಲೆ 30 ವರ್ಷದ ಆಸುಪಾಸಿನಲ್ಲಿ ಹಮಾಮಾಟ್ಸುವಿನ ತಾಂತ್ರಿಕ ಶಾಲೆಯಲ್ಲಿ ಹುಡುಗರ ನಡುವೆ ಹೋಗಿ ಕುಳಿತರು. ಎರಕದಲ್ಲಿ ಸಿಲಿಕಾನ್ ಸಾಲದು ಎಂಬುದು ಗೊತ್ತಾಗಿದ್ದು ಅಲ್ಲಿನ ಅಧ್ಯಾಪಕರಿಂದ. ತಮಗೆ ಬೇಕಾದ ಪಾಠಕ್ಕಷ್ಟೇ ಕಿವಿಗೊಟ್ಟರು, ಪರೀಕ್ಷೆ ಬರೆಯಲಿಲ್ಲ, ಶಾಲೆಯವರು ಹೊರಗೆ ಕಳಿಸಿದರು. ಡಿಪ್ಲೊಮಾಗಿಂತ ಸಿನಿಮಾ ಟಿಕೆಟ್ಟೇ ವಾಸಿ, ಅದಿದ್ದರೆ ಥಿಯೇಟರಿನ ಒಳಗಾದರೂ ಬಿಡುತ್ತಾರೆ ಎಂಬರ್ಥದ ಮಾತಾಡಿ ಬಂದರಂತೆ. ಕ್ಯಾಂಪಸ್ ಸಂದರ್ಶನದಲ್ಲಿ ಯಾರೂ ಇದನ್ನು ಪ್ರಯೋಗಿಸಬೇಡಿ! ಅವರು ಪದವಿಯನ್ನು ಬಿಟ್ಟರೇ ಹೊರತು ಕಲಿಯುವುದನ್ನು ಬಿಡಲಿಲ್ಲ. ರಿಂಗು ಕೊನೆಗೂ ಸರಿಬಂತು. ಟೊಯೊಟಾ ಕಂಪನಿಯೇ ಗಿರಾಕಿಯಾಯಿತು.

ಯುದ್ಧ ಮತ್ತು 1945ರ ಭೂಕಂಪ ಎರಡೂ ಆ ಕಾರ್ಖಾನೆಯನ್ನು ಹಾಳುಗೆಡವಿದವು. ಉಳಿದದ್ದನ್ನು ಟೊಯೊಟಾಗೆ ಮಾರಿ ಒಂದು ವರ್ಷ ಏನೂ ಮಾಡದೆ ಕೂತರು. ಸೋತ ಜಪಾನಿನಲ್ಲಿ ಆಗ ರೈಲು ಹತ್ತುವುದೇ ಹರಸಾಹಸ, ಅಕ್ಕಿ ತರಬೇಕೆಂದರೂ ಹಳ್ಳಿಗಳಿಗೆ ಸೈಕಲ್ ತುಳಿಯಬೇಕು. 1946ರಲ್ಲಿ ಹೋಂಡಾ ಕಣ್ಣಿಗೆ ಒಂದು ಪುಟ್ಟ ಎಂಜಿನ್ ಬಿತ್ತು. ಸೈನ್ಯದ ವೈರ್‌ಲೆಸ್ ಸೆಟ್ಟಿಗೆ ವಿದ್ಯುತ್ ಒದಗಿಸಲು ಮಾಡಿದ ಜನರೇಟರ್ ಎಂಜಿನ್, ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾಗಿತ್ತು. ಅಂಥ ಸುಮಾರು 500 ಎಂಜಿನ್ ಕೊಂಡು ಸೈಕಲ್ಲುಗಳಿಗೆ ಕಟ್ಟಿದರು. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕ್ ಯಾವುದು ಗೊತ್ತೇ? ಮನೆಯಲ್ಲಿ ಚಳಿಗೆ ಕಾಲು ಬೆಚ್ಚಗಿಡಲು ಬಿಸಿನೀರು ತುಂಬುವ ಡಬ್ಬಿ!

ಟ್ಯಾಂಕೇನೋ ಆಯಿತು, ತುಂಬಲು ಪೆಟ್ರೋಲ್ ಇರಲಿಲ್ಲ. ಅದು ಪರ್ಮಿಟ್ಟಿನ ಮಾಲು. ಯುದ್ಧದ ಕೊನೆಯಲ್ಲಿ ಜಪಾನಿನವರು ವಿಮಾನಕ್ಕೆ ಇಂಧನ ಸಾಲದೆ ಪೈನ್ ಮರದ ಬೇರು ಅಗೆದು ಎಣ್ಣೆ ಇಳಿಸಿದ್ದರು. ಹೋಂಡಾ ಕೂಡ ಪೈನ್ ಮರದ ಟರ್ಪೆಂಟೈನ್ ಬೆರೆಸಿ ಸೈಕಲ್ ಓಡಿಸಿದರು. ಬಣ್ಣ ತೆಳುವಾಗಿಸಲು ಪೇಂಟರುಗಳು ಬಳಸುತ್ತಾರಲ್ಲ, ಅದೇ. ಪೆಟ್ರೋಲಿನಷ್ಟು ಸುಲಭವಾಗಿ ಅದು ಆವಿಯಾಗದು. ಹಾಗಾಗಿ ತಣ್ಣಗಿನ ಎಂಜಿನ್ ಹತ್ತಬೇಕಾದರೆ ಬೆವರಿಳಿಯುವಷ್ಟು ತುಳಿಯಬೇಕು. ಹತ್ತಿದ ಮೇಲೆ ಹೊಗೆ, ಬೀದಿಯುದ್ದಕ್ಕೂ ವಾಸನೆ. ಹೆಂಡತಿ ಸಾಚಿ ಆ ಸೈಕಲ್ ಹತ್ತಿ ಊರೆಲ್ಲ ಸುತ್ತಿದರು. ಮನೆಗೆ ಬಂದು ನೋಡಿದರೆ ಉಟ್ಟ ಒಳ್ಳೆಯ ಬಟ್ಟೆಗೆಲ್ಲ ಎಣ್ಣೆ. ಇದು ಮಾರಾಟಕ್ಕೆ ಲಾಯಕ್ಕಲ್ಲ ಎಂದು ಗಂಡನ ಮುಖಕ್ಕೇ ಹೇಳಿದರು. ಕಾರ್ಬುರೇಟರ್ ಇಂಧನವನ್ನು ಹಿಂದಕ್ಕೆ ಉಗುಳುತ್ತಿತ್ತು, ಅದನ್ನು ಸರಿಪಡಿಸಲಾಯಿತು. ಹೋಂಡಾ ಎಂಜಿನ್‌ಗಳ ಮೊದಲ ಎಮಿಷನ್ ಪರೀಕ್ಷೆ ಅದೇ ಎಂದು ನಾನು ಎಣಿಸುತ್ತೇನೆ. ಪರೀಕ್ಷಕಿ ಮನೆಯಾಕೆ.

1948ರಲ್ಲಿ ಹೋಂಡಾ ಮೋಟಾರ್ ಕಂಪನಿ ಹುಟ್ಟಿತು. ಮರುವರ್ಷ ತಕೆಯೊ ಫುಜಿಸಾವಾ ಜತೆಯಾದರು. ಹಣ, ಮಾರಾಟ ಅವರದು, ಎಂಜಿನ್ ಇವರದು. ಆಗಿನ ಅವರ ಎಂಜಿನ್ನುಗಳೆಲ್ಲ ಟೂ ಸ್ಟ್ರೋಕ್. 1951ರಲ್ಲಿ ಡ್ರೀಮ್ ಇ ಎಂಬ ಬೈಕಿನಿಂದ ಅವರು ಫೋರ್ ಸ್ಟ್ರೋಕ್ ಕಡೆ ತಿರುಗಿದರು. ಇದು ಸಣ್ಣ ಸಂಗತಿಯಲ್ಲ. ಟೂ ಸ್ಟ್ರೋಕ್ ಅಗ್ಗ, ಹಗುರ, ಬಿಡಿಭಾಗ ಕಡಿಮೆ. ಆದರೆ ಸಿಲಿಂಡರಿಗೆ ಬಂದ ಹೊಸ ಪೆಟ್ರೋಲಿನಲ್ಲಿ ಒಂದು ಪಾಲು ಉರಿಯುವ ಮೊದಲೇ ಹೊಗೆಯ ಜತೆ ಹೊರಗೆ ಜಾರುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಕೂಡ ಅರೆಬೆಂದು ಆಚೆ ಬರುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಟೂ ಸ್ಟ್ರೋಕ್ ಕಳೆ ಕತ್ತರಿಸುವ ಯಂತ್ರ ಹೆಗಲಿಗೆ ಹಾಕಿಕೊಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರ್ಧ ದಿನ ಕೆಲಸ ಮಾಡಿದರೆ ಸಂಜೆ ಸ್ನಾನ ಮಾಡಿದ ಮೇಲೂ ಮೂಗಿನಲ್ಲಿ ಅದೇ ವಾಸನೆ, ತಲೆನೋವು ಬೇರೆ.

1958ರಲ್ಲಿ ಬಂದ ಸೂಪರ್ ಕಬ್ 50 ಸಿಸಿಯ ಫೋರ್ ಸ್ಟ್ರೋಕ್. ಅಷ್ಟು ಪುಟ್ಟ ಎಂಜಿನ್‌ಗೆ ವಾಲ್ವು ಕೂರಿಸುವುದು ದುಬಾರಿ ಕೆಲಸ ಎಂದು ಉಳಿದವರು ಟೂ ಸ್ಟ್ರೋಕನ್ನೇ ನೆಚ್ಚಿದ್ದ ಕಾಲ ಅದು. 2017ರ ಹೊತ್ತಿಗೆ ಸೂಪರ್ ಕಬ್ ಸಾಲಿನ 10 ಕೋಟಿ ಗಾಡಿಗಳು ತಯಾರಾಗಿದ್ದವು. 1964ರಲ್ಲಿ ದೋಣಿಯ ಮೋಟಾರನ್ನೂ ಫೋರ್ ಸ್ಟ್ರೋಕ್ ಮಾಡಿದರು, ದೋಣಿ ತಾನು ತೇಲುವ ನೀರನ್ನು ಕೊಳೆ ಮಾಡಬಾರದು ಎಂಬ ಹಟಕ್ಕೆ. ಕಂಪನಿ ಟೂ ಸ್ಟ್ರೋಕನ್ನು ಪೂರ್ತಿ ಕೈಬಿಡಲಿಲ್ಲ ಎಂಬುದನ್ನೂ ಹೇಳಬೇಕು. 80ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಕೈನೆಟಿಕ್ ಹೋಂಡಾ ಸ್ಕೂಟರ್ ಟೂ ಸ್ಟ್ರೋಕೇ.

ಗೆದ್ದವರ ಹಟ ಕೆಲವೊಮ್ಮೆ ಅವರಿಗೇ ಉರುಳಾಗುತ್ತದೆ. ಕಾರಿನ ಎಂಜಿನ್ನನ್ನೂ ಗಾಳಿಯಿಂದಲೇ ತಣಿಸಬೇಕು, ನೀರು ಬೇಡ ಎಂದು ಹೋಂಡಾ ಪಟ್ಟು ಹಿಡಿದರು. 1969ರ ಹೋಂಡಾ 1300 ಕಾರು ಹಾಗೆ ಹುಟ್ಟಿತು. ಹೊಗೆಯನ್ನು ಹದ್ದಿನಲ್ಲಿಡಲು ಎಂಜಿನ್ನಿನ ಬಿಸಿ ಒಂದೇ ಹದದಲ್ಲಿರಬೇಕು, ಅದಕ್ಕೆ ನೀರೇ ಬೇಕು ಎಂದು ತರುಣ ಎಂಜಿನಿಯರುಗಳು ವಾದಿಸಿದರು. ಮೇಷ್ಟರು ಕೇಳಲಿಲ್ಲ. ಕಡೆಗೆ ಫುಜಿಸಾವಾ ಮಧ್ಯೆ ಬಂದು, ನೀವು ಕಂಪನಿಯ ಅಧ್ಯಕ್ಷರೋ ಎಂಜಿನಿಯರೋ ತೀರ್ಮಾನಿಸಿ ಎಂದು ಕೇಳಬೇಕಾಯಿತು. ಹೋಂಡಾ ಅಧ್ಯಕ್ಷರಾಗಿ ಉಳಿಯುವುದಾಗಿ ಒಪ್ಪಿ ಹಿಂದೆ ಸರಿದರು. ಅಷ್ಟು ಕೀರ್ತಿವಂತರಿಗೆ ಕೈಕೆಳಗಿನ ಹುಡುಗರ ಎದುರು ಸೋಲುವುದು ಸುಲಭವಿದ್ದಿರಲಾರದು.

ಅಷ್ಟರಲ್ಲಿ ಅಮೆರಿಕದಿಂದ ಸಿಡಿಲಿನಂಥ ಸುದ್ದಿ. 1970ರ ಕೊನೆಯ ದಿನ ಅಲ್ಲಿ ಶುದ್ಧ ಗಾಳಿ ಕಾಯ್ದೆಗೆ ಸಹಿ ಬಿತ್ತು. 1975ರ ಮಾದರಿಯ ಕಾರುಗಳು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಶೇ 90ರಷ್ಟು ಇಳಿಸಬೇಕು. ದೊಡ್ಡ ಕಂಪನಿಗಳು ಇದು ಆಗದ ಮಾತು ಎಂದವು. ಹೋಂಡಾ ಕಂಪನಿಯಲ್ಲಿ 1966ರಿಂದಲೇ ಒಂದು ಸಣ್ಣ ತಂಡ ಹೊಗೆಯ ಮೇಲೆ ಕೆಲಸ ಮಾಡುತ್ತಿತ್ತು. 1971ರ ಫೆಬ್ರುವರಿಯಲ್ಲಿ ಹೋಂಡಾ ಪತ್ರಕರ್ತರನ್ನು ಕರೆದು ನಮ್ಮಿಂದ ಆಗುತ್ತದೆ ಎಂದು ಸಾರಿಬಿಟ್ಟರು. ಎಂಜಿನ್ ಇನ್ನೂ ಪೂರ್ತಿಯಾಗಿರಲಿಲ್ಲ!

ಇಲ್ಲಿಗೆ ನಮ್ಮ ಪಠ್ಯದ ಪುಟ ಬಂತು. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಾರ್ಬನ್ ಮೊನಾಕ್ಸೈಡ್ ಹೆಚ್ಚುತ್ತದೆ. ಗಾಳಿ ಸಾಕಷ್ಟು ಹೆಚ್ಚಿಸಿದರೆ ಹೊಗೆ ಶುದ್ಧ, ಆದರೆ ಅಷ್ಟು ತೆಳುವಾದ ಮಿಶ್ರಣಕ್ಕೆ ಕಿಡಿ ತಾಗಿಸಿದರೂ ಹೊತ್ತುವುದಿಲ್ಲ. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ಒಟ್ಟಿ ಬರೇ ಕಡ್ಡಿ ಗೀರಿದರೆ ಬೆಂಕಿ ಹಿಡಿಯುತ್ತದೆಯೇ? ಮೊದಲು ಒಂದು ಹಿಡಿ ಒಣ ಅಡಿಕೆ ಸಿಪ್ಪೆ ಹೊತ್ತಿಸಿ ಒಳಗೆ ತಳ್ಳುತ್ತೇವೆ. ಹೋಂಡಾ ತಂಡ ಮಾಡಿದ್ದು ಹೆಚ್ಚೂಕಡಿಮೆ ಅದನ್ನೇ. ಸ್ಪಾರ್ಕ್ ಪ್ಲಗ್ ಬಳಿ ಒಂದು ಪುಟ್ಟ ಕೋಣೆ, ಅದಕ್ಕೆ ಬೇರೆಯೇ ಒಂದು ಸಣ್ಣ ವಾಲ್ವು, ಅದರ ಮೂಲಕ ದಟ್ಟ ಮಿಶ್ರಣ. ದೊಡ್ಡ ಕೋಣೆಯಲ್ಲಿ ತೆಳು ಮಿಶ್ರಣ. ಪುಟ್ಟ ಕೋಣೆ ಹೊತ್ತಿಕೊಂಡು ಅದರ ಜ್ವಾಲೆ ಕಿಂಡಿಯಿಂದ ನುಗ್ಗಿ ದೊಡ್ಡದನ್ನು ಹೊತ್ತಿಸುತ್ತದೆ. ಉರಿ ನಿಧಾನ. ತಾಪ ವಿಪರೀತಕ್ಕೆ ಏರದ ಕಾರಣ ನೈಟ್ರೋಜನ್ ಆಕ್ಸೈಡ್ ಕಡಿಮೆ, ಬಿಸಿ ಹೆಚ್ಚು ಹೊತ್ತು ನಿಲ್ಲುವ ಕಾರಣ ಉಳಿದ ಇಂಧನವೂ ಸುಡುತ್ತದೆ.

1972ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ್ಯನ್ ಆರ್ಬರ್‌ನ ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಸಿವಿಸಿಸಿ ಪಾಸಾಯಿತು, ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆ. ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಕನ್ವರ್ಟರಿಗೆ ಸೀಸರಹಿತ ಪೆಟ್ರೋಲೇ ಬೇಕು, ಸೀಸ ಅದರ ಲೋಹದ ಮೇಲೆ ಕೂತು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಸಿವಿಸಿಸಿಗೆ ಅಂಥ ಮಡಿ ಇರಲಿಲ್ಲ, ಬಂಕಿನಲ್ಲಿ ಸಿಕ್ಕಿದ ಯಾವ ಪೆಟ್ರೋಲಾದರೂ ನಡೆಯಿತು. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಎಲ್ಲ ಕಡೆಗೂ ತಲುಪಿದ್ದು 2000ದಲ್ಲಿ ಎಂದು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಸಣ್ಣ ಎಂಜಿನ್‌ಗಷ್ಟೇ ಇದು ಸರಿ ಎಂದವರ ಬಾಯಿ ಮುಚ್ಚಿಸಲು ಅಮೆರಿಕದ ದೊಡ್ಡ ಇಂಪಾಲಾ ಕಾರಿಗೂ ಇದನ್ನು ಅಳವಡಿಸಿ ಪರೀಕ್ಷೆಗೆ ಒಡ್ಡಿದರು.

ಆ ತಂತ್ರ ಇವತ್ತು ಬಳಕೆಯಲ್ಲಿಲ್ಲ. ಫ್ಯುಯೆಲ್ ಇಂಜೆಕ್ಷನ್ ಮತ್ತು ಕನ್ವರ್ಟರ್ ಸೇರಿ ಅದನ್ನು ಬದಿಗೆ ಸರಿಸಿದವು. 2020ರಿಂದ ನಮ್ಮ ಬಿಎಸ್ 6 ಸ್ಕೂಟರುಗಳಲ್ಲೂ ಇರುವುದು ಆ ಜೋಡಿಯೇ. ಆದರೆ ಹೊಗೆಯನ್ನು ಕೊಳವೆಯ ಬಾಯಲ್ಲಿ ತೊಳೆಯುವ ಮೊದಲು ಉರಿಯನ್ನೇ ಸರಿಮಾಡು ಎಂಬ ಅವರ ಲೆಕ್ಕಾಚಾರ ಹಳತಾಗಿಲ್ಲ.

ಆ ಗೆಲುವಿನ ಹಿಂದೆ ಒಂದು ಇರಿಸುಮುರಿಸು ನಡೆದಿತ್ತು. ಅಮೆರಿಕದ ಮೂರು ದೈತ್ಯ ಕಂಪನಿಗಳ ಸಮಕ್ಕೆ ನಿಲ್ಲಲು ಇಂಥ ಅವಕಾಶ ಮತ್ತೆ ಬಾರದು ಎಂದು ಹೋಂಡಾ ತಮ್ಮವರನ್ನು ಹುರಿದುಂಬಿಸುತ್ತಿದ್ದರು. ತರುಣ ಎಂಜಿನಿಯರುಗಳಿಗೆ ಇದು ರುಚಿಸಲಿಲ್ಲ. ನಾವು ಕಂಪನಿ ಗೆಲ್ಲಲಿ ಎಂದು ದುಡಿಯುತ್ತಿಲ್ಲ, ಮಕ್ಕಳು ಉಸಿರಾಡುವ ಗಾಳಿಗಾಗಿ ದುಡಿಯುತ್ತಿದ್ದೇವೆ ಎಂದರು. ಬೇರೆ ಯಜಮಾನರಾಗಿದ್ದರೆ ಆ ಹುಡುಗರಿಗೆ ಬಾಗಿಲು ತೋರಿಸುತ್ತಿದ್ದರೇನೋ. ಹೋಂಡಾ ನಾಚಿಕೊಂಡರು. ತಾನು ಯಾವಾಗ ಕಂಪನಿಯ ಲಾಭದ ಕಣ್ಣಿನಿಂದಲೇ ಎಲ್ಲ ನೋಡತೊಡಗಿದೆನೋ, ತನ್ನ ಕಾಲ ಮುಗಿಯಿತು ಎಂದು ಅವರಿಗೆ ಅನ್ನಿಸಿತು. 1973ರಲ್ಲಿ, ಕಂಪನಿಗೆ 25 ತುಂಬಿದ ವರ್ಷ, ಫುಜಿಸಾವಾ ಜತೆಗೆ ಅಧಿಕಾರ ಬಿಟ್ಟರು. 66 ವಯಸ್ಸು. ಕುರ್ಚಿ ಮಕ್ಕಳಿಗೆ ಹೋಗಲಿಲ್ಲ. 1951ರ ಡ್ರೀಮ್ ಇ ಎಂಜಿನ್ ರೂಪಿಸಿದ್ದ ಕಿಯೊಶಿ ಕವಾಶಿಮಾ 45ನೇ ವಯಸ್ಸಿಗೆ ಅಧ್ಯಕ್ಷರಾದರು.

ಆಮೇಲೆ ಹೋಂಡಾ ತಮ್ಮ ಕಾರ್ಖಾನೆ, ಅಂಗಡಿಗಳನ್ನೆಲ್ಲ ಸುತ್ತಿ ಒಬ್ಬೊಬ್ಬರ ಕೈಯನ್ನೂ ಕುಲುಕಿ ಬಂದರು. ಒಬ್ಬ ಕೆಲಸಗಾರ ಕೈಗೆ ಎಣ್ಣೆ ಮೆತ್ತಿದೆ ಎಂದು ಹಿಂಜರಿದಾಗ ಆ ಕೈಯನ್ನೇ ಹಿಡಿದರಂತೆ. ಆ ವಾಸನೆ ಅವರಿಗೆ ಹೊಸದಲ್ಲವಲ್ಲ.

1991ರ ಆಗಸ್ಟ್ 5ರಂದು ಟೋಕಿಯೊದಲ್ಲಿ 84ನೇ ವಯಸ್ಸಿಗೆ ತೀರಿಕೊಂಡರು. ಕಂಪನಿಯ ಲೆಕ್ಕದಲ್ಲಿ ದೊಡ್ಡ ಅಂತ್ಯಕ್ರಿಯೆ ಬೇಡವೆಂದು ಮೊದಲೇ ಹೇಳಿಟ್ಟಿದ್ದರು. ಅಷ್ಟೊಂದು ಜನ ಕಾರಿನಲ್ಲಿ ಬಂದರೆ ರಸ್ತೆಗಳು ಕಟ್ಟಿಕೊಳ್ಳುತ್ತವೆ, ಕಾರು ಮಾಡುವವನೇ ಊರಿಗೆ ಆ ತೊಂದರೆ ಕೊಡಬಾರದು ಎಂಬುದು ಅವರ ವಾದ. ಅವರು ಹೇಳಿದಂತೆಯೇ ನಡೆಯಿತು.