ಮನೆಯ ಹಾಡು: ಕಿಟೆಲ್ ಅವರ ಜೀವನದಿಂದ ನಮಗೊಂದು ಪಾಠ

ಬೆಂಗಳೂರು, ಮೈಸೂರಿಂದ ಈ ವಾರ ಮಳವಳ್ಳಿಗೆ ಬಂದಿರೋ ಯುವಜನರಿಗೆ, ಬರಕ್ಕೆ ಆಗದೆ ಪಿಜಿಯಲ್ಲಿ ಕೂತು ಕೇಳ್ತಿರೋರಿಗೂ ವಿಶೇಷವಾದ ವಂದನೆ.

ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ, ಮೂರನೇ ಅಧ್ಯಾಯ, ಹದಿನಾರನೇ ವಚನ ತೆಗೆಯಿರಿ. ಕ್ರಿಸ್ತನ ವಾಕ್ಯ ನಮ್ಮೊಳಗೆ ಸಮೃದ್ಧಿಯಾಗಿ ವಾಸ ಮಾಡಬೇಕು ಅಂತ ಪೌಲನು ಹೇಳ್ತಾನೆ. ಸರಿ, ಹೇಗೆ ವಾಸ ಮಾಡೋದು? ಅದೇ ವಚನದಲ್ಲಿ ಕೀರ್ತನೆ, ಸ್ತುತಿಪದ, ಆತ್ಮಿಕ ಹಾಡುಗಳ ಮಾತು ಬರುತ್ತೆ. ಮುಂದಿನ ವಚನ ನೋಡಿ. ನುಡಿಯಾಗಲಿ ನಡೆಯಾಗಲಿ, ಏನು ಮಾಡಿದರೂ ಕರ್ತನ ಹೆಸರಿನಲ್ಲಿ ಮಾಡಿ ಅಂತಾನೆ. ಅಂದರೆ ಹಾಡಿನ ಪಕ್ಕದಲ್ಲೇ ದಿನದ ಕೆಲಸ ಬಂದು ಕೂತಿದೆ. ಅಲ್ಲಿ ಸ್ಟೇಜ್ ಇಲ್ಲ, ಸೌಂಡ್ ಸಿಸ್ಟಂ ಇಲ್ಲ.

ಈ ಮಾತನ್ನು ಅರ್ಥ ಮಾಡ್ಕೊಳ್ಳೋಕೆ ಇವತ್ತು ಒಬ್ಬ ದೇವಸೇವಕರ ಜೀವನ ನೋಡೋಣ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಓಡಾಡೋರು ಅವರ ಪ್ರತಿಮೆ ನೋಡಿರ್ತೀರಿ. ಫರ್ಡಿನಾಂಡ್ ಕಿಟೆಲ್. ಕನ್ನಡ ನಿಘಂಟು ಬರೆದ ಪಾದ್ರಿ ಅಂತ ಶಾಲೆಯಲ್ಲಿ ಓದಿದ್ದೀವಿ. ನಿಘಂಟಿಗೂ ಮೊದಲು ಅವರು ಮಾಡಿದ ಒಂದು ಕೆಲಸ ಇದೆ. ನನ್ನ ಮನಸ್ಸನ್ನು ತುಂಬಾ ದಿನದಿಂದ ಕಾಡ್ತಿರೋದು ಅದು.

ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ಅಪ್ಪ ಪಾದ್ರಿ. ಆ ದೇಶದ ಸಭೆಗಳಿಗೆ ಹಾಡು ಅಂದರೆ ಏನು ಅಂತ ಸ್ವಲ್ಪ ತಿಳ್ಕೊಬೇಕು. ಅದಕ್ಕೂ ಮುನ್ನೂರು ವರ್ಷ ಹಿಂದೆ ಮಾರ್ಟಿನ್ ಲೂಥರ್ ಸಾಮಾನ್ಯ ಜನರ ಕೈಗೆ ಬೈಬಲನ್ನು ಮಾತ್ರ ಕೊಡಲಿಲ್ಲ, ಹಾಡುಗಳನ್ನೂ ಕೊಟ್ಟರು. 1524ರಲ್ಲೇ ಅವರ ಹಾಡುಗಳು ಅಚ್ಚಾದವು. ಲ್ಯಾಟಿನ್ ಗೊತ್ತಿಲ್ಲದ ರೈತ, ಚಮ್ಮಾರ, ಅಡುಗೆ ಮಾಡೋ ತಾಯಿ ತಮ್ಮ ಜರ್ಮನ್ ಭಾಷೆಯಲ್ಲೇ ದೇವರನ್ನು ಹಾಡಿದರು. ಓದಕ್ಕೆ ಬಾರದವರಿಗೂ ಸುವಾರ್ತೆ ಬಾಯಿಪಾಠ ಆಯ್ತು. ಅಂಥ ನೆಲದಿಂದ ಬಂದವರು ಕಿಟೆಲ್.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆಯಲ್ಲಿ ತರಬೇತಿ ಆಯ್ತು. 1853ರಲ್ಲಿ ಹಡಗು ಹತ್ತಿ ನಮ್ಮ ನಾಡಿಗೆ ಬಂದರು. ಆಗ ವಯಸ್ಸು ಇಪ್ಪತ್ತೊಂದು. ಇಲ್ಲಿ ಕೂತಿರೋ ಎಷ್ಟೋ ಜನ ಫೈನಲ್ ಇಯರ್ ಮುಗಿಸೋ ವಯಸ್ಸು ಅದು! ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ, ಹೀಗೆ ಕನ್ನಡ ನಾಡಿನ ಬೇರೆ ಬೇರೆ ಕಡೆ ಇದ್ದರು. ಭಾಷೆಯನ್ನು ಪುಸ್ತಕದಿಂದ ಕಲಿತರೆ ಸಾಲದು, ಜನರ ಬಾಯಿಂದ ಕಲಿಯಬೇಕು ಅಂತ ಹಠ ಹಿಡಿದರು.

ಜನರ ನಡುವೆ ಇದ್ದಾಗ ಒಂದು ವಿಷಯ ಅವರಿಗೆ ಕಾಣ್ತು. ಕನ್ನಡಿಗರು ನಂಬಿಕೆಯನ್ನು ಹೊತ್ಕೊಂಡು ಹೋಗೋದು ಹಾಡಿನಲ್ಲಿ. ದಾಸರು ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದರು. ಹೆಂಗಸರು ರಾಗಿ ಬೀಸುವಾಗ ಮೂರು ಸಾಲಿನ ತ್ರಿಪದಿ ಕಟ್ಟಿದರು. ಕುಮಾರವ್ಯಾಸನ ಭಾರತವನ್ನು ಒಬ್ಬರು ರಾಗವಾಗಿ ಓದಿದರೆ, ಅಕ್ಷರ ಗೊತ್ತಿಲ್ಲದ ಇಡೀ ಊರು ಕೂತು ಕೇಳ್ತಿತ್ತು.

ನಮ್ಮ ತಾಲ್ಲೂಕನ್ನೇ ನೋಡಿ. ಬೊಪ್ಪೇಗೌಡನಪುರ ಇಲ್ಲೇ ಇದೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡೋದನ್ನ ನಿಮ್ಮ ಅಜ್ಜ ಅಜ್ಜಿ ಕೇಳೇ ಬೆಳೆದಿದ್ದಾರೆ. ಅವರು ಹಾಡೋ ಕಥೆ ನಮ್ಮ ವಿಶ್ವಾಸ ಅಲ್ಲ, ಅದನ್ನ ಸ್ಪಷ್ಟವಾಗೇ ಹೇಳ್ತೀನಿ. ಆದರೆ ಒಂದು ಪ್ರಶ್ನೆ ಕೇಳ್ತೀನಿ. ಶಾಲೆ ಮೆಟ್ಟಿಲು ಹತ್ತದ ಮನುಷ್ಯ ಸಾವಿರಾರು ಸಾಲನ್ನು ಎದೆಯಲ್ಲಿ ಇಟ್ಕೊಳ್ಳೋದು ಹೇಗೆ? ರಾಗ ಇದೆ, ಲಯ ಇದೆ, ಅದಕ್ಕೇ. ಹಾಗಾದರೆ ಬೈಬಲ್ ಆ್ಯಪ್ ಇಟ್ಕೊಂಡಿರೋ ನಮ್ಮ ಎದೆಯಲ್ಲಿ ಎಷ್ಟು ಸಾಲು ಇದೆ?

ಆ ಕಾಲದಲ್ಲಿ ಮಿಷನ್ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಮಾತು ಹೊಂದಿಸಿ ಹಾಡ್ತಿದ್ದರು. ಪ್ರೀತಿಯಿಂದ ಮಾಡಿದ ಸೇವೆ ಅದು, ಹಗುರವಾಗಿ ಮಾತಾಡಬಾರದು. ಆದರೆ ನಮ್ಮ ಭಾಷೆಗೆ ಅದರದೇ ನಡಿಗೆ ಇದೆ. ಕನ್ನಡದಲ್ಲಿ ಅಕ್ಷರ ಎಳೆದರೆ ಅರ್ಥವೇ ಬದಲಾಗುತ್ತೆ. ಕರ್ತನು ನನ್ನ ‘ಬಲ’ ಅಂತ ಹಾಡುವಾಗ ರಾಗಕ್ಕೋಸ್ಕರ ಮೊದಲ ಅಕ್ಷರ ಎಳೆದುಬಿಟ್ಟರೆ ಏನಾಗುತ್ತೆ? ಬಾಲ ಆಗುತ್ತೆ! ನಗ್ತೀರಿ, ಆದರೆ ಇವತ್ತೂ ನಮ್ಮ ಅನುವಾದದ ಹಾಡುಗಳಲ್ಲಿ ಇದು ನಡೀತಾನೇ ಇದೆ. ವರ್ಷಿಪ್ ಟೀಮಿನವರು ಸ್ವಲ್ಪ ಗಮನಿಸಿ.

ಲಘು, ಗುರು, ಮಾತ್ರೆ, ಷಟ್ಪದಿ ಇವುಗಳ ಲೆಕ್ಕವನ್ನು ಕಿಟೆಲ್ ಕೂತು ಕಲಿತರು. ಕಲಿತು 1862ರಲ್ಲಿ ‘ಕಥಾಮಾಲೆ’ ಅನ್ನೋ ಪುಸ್ತಕ ತಂದರು. ಏನದು ಗೊತ್ತಾ? ಯೇಸು ಸ್ವಾಮಿಯ ಜೀವನ, ಪದ್ಯದಲ್ಲಿ, ಈ ನೆಲದ ಛಂದಸ್ಸಿನಲ್ಲಿ. ಮೂವತ್ತು ವರ್ಷದ ಒಬ್ಬ ಜರ್ಮನ್ ಯುವಕ, ತನ್ನ ಊರಿನ ರಾಗವನ್ನು ಪಕ್ಕಕ್ಕಿಟ್ಟು, ನಮ್ಮ ರಾಗದಲ್ಲಿ ನಮಗೆ ಯೇಸುವನ್ನು ಹಾಡಿ ತೋರಿಸೋಕೆ ನೋಡಿದ. ಯೆಹೂದ್ಯರಿಗೆ ಯೆಹೂದ್ಯನಂತಾದೆ ಅಂತ ಪೌಲನು 1 ಕೊರಿಂಥ 9ರಲ್ಲಿ ಬರೀತಾನಲ್ಲ, ಅದನ್ನು ಕಿಟೆಲ್ ಛಂದಸ್ಸಿನಲ್ಲಿ ಮಾಡಿದರು.

ಮುಂದೇನಾಯ್ತು? ದೊಡ್ಡ ಉಜ್ಜೀವನ ಆಯ್ತಾ? ಇಲ್ಲ ಪ್ರಿಯರೇ. ಮಿಷನ್ ಒಳಗೇ ಅವರ ದಾರಿ ಎಲ್ಲರಿಗೂ ಹಿಡಿಸಲಿಲ್ಲ. ಹಾಡು, ಹಳೆಗನ್ನಡ, ಛಂದಸ್ಸು ಅಂತ ಕೂತರೆ ಸುವಾರ್ತೆ ಸಾರೋದು ಯಾವಾಗ ಅನ್ನೋ ಪ್ರಶ್ನೆ ಇತ್ತು. ಮನೆಯಲ್ಲೂ ದುಃಖ ಬಂತು. 1860ರಲ್ಲಿ ಕೈಹಿಡಿದ ಪೌಲಿನಾ ಕೆಲವೇ ವರ್ಷಗಳಲ್ಲಿ ತೀರಿಹೋದರು. ಮುಂದೆ ಪೌಲಿನಾಳ ಸಹೋದರಿ ಜೂಲಿ ಅವರನ್ನು ಮದುವೆಯಾದರು.

ಆದರೂ ಕಿಟೆಲ್ ಹಾಡಿನ ಬೆನ್ನು ಬಿಡಲಿಲ್ಲ. 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕರ್ನಾಟಕದ ದಾಸರ ಬಗ್ಗೆ ಬರೆದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಸುಮಾರು ಸಾವಿರ ವರ್ಷ ಹಿಂದೆ ಕನ್ನಡ ಪದ್ಯ ಹೇಗೆ ನಡೆಯಬೇಕು ಅಂತ ಹೇಳಿಕೊಟ್ಟ ಪುಸ್ತಕ ಅದು. ಒಬ್ಬ ಪಾದ್ರಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಜನರ ಉಸಿರಿನ ಲಯ ತಿಳಿಯದೆ ಅವರ ಎದೆಗೆ ಮಾತು ಇಳಿಯೋದಿಲ್ಲ. ನನಗೆ ಅವರ ಬದುಕಿನಲ್ಲಿ ಕಾಣೋ ಉತ್ತರ ಅದು.

1894ರಲ್ಲಿ ನಿಘಂಟು ಹೊರಬಂತು. ಸುಮಾರು 70,000 ಪದ. ಬರೀ ಪಂಡಿತರ ಮಾತಲ್ಲ, ಜನ ಆಡೋ ಗಾದೆಗಳೂ ಅದರಲ್ಲಿವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. 1903ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಒಂದು ವಾರ ಇರುವಾಗ, ಟ್ಯೂಬಿಂಗನ್ನಿನಲ್ಲೇ ಕರ್ತನ ಬಳಿಗೆ ಹೋದರು. ಅವರ ಕನ್ನಡ ವ್ಯಾಕರಣ ಅಚ್ಚಾಗಿದ್ದೂ ಅದೇ ವರ್ಷ. ಲೋಕ ನಿಘಂಟನ್ನು ನೆನಪಿಟ್ಟಿತು. ‘ಕಥಾಮಾಲೆ’ಯನ್ನು ನಮ್ಮ ಸಭೆಯಲ್ಲಿ ಒಬ್ಬರೂ ಹಾಡೋದಿಲ್ಲ.

ಹಾಗಾದರೆ ಆ ಕೆಲಸ ವ್ಯರ್ಥವಾಯ್ತಾ? ಅದಕ್ಕೆ ಉತ್ತರ ನಮ್ಮ ಮನೆಗಳಲ್ಲಿ ಹುಡುಕಬೇಕು.

ಒಂದು ಘಟನೆ ಹೇಳ್ತೀನಿ. ಸ್ವಲ್ಪ ಕಾಲದ ಹಿಂದೆ ಒಬ್ಬ ವಯಸ್ಸಾದ ವಿಶ್ವಾಸಿ ತಾಯಿಯನ್ನು ನೋಡೋಕೆ ಆಸ್ಪತ್ರೆಗೆ ಹೋಗಿದ್ದೆ. ಜೀವನಪೂರ್ತಿ ಗದ್ದೆ ನಾಟಿ, ಕಬ್ಬಿನ ಕೆಲಸ ಮಾಡಿದವರು. ಓದು ಬರಹ ಇಲ್ಲ. ಮೊಮ್ಮಗ ಬೆಂಗಳೂರಿಂದ ರಾತ್ರೋರಾತ್ರಿ ಬಂದಿದ್ದ. ಅಜ್ಜಿ ಮೆಲ್ಲಗೆ, ಒಂದು ಹಾಡು ಹೇಳಪ್ಪ ಅಂದರು. ಹುಡುಗ ಒಳ್ಳೇ ಗಿಟಾರ್ ನುಡಿಸ್ತಾನೆ, ಅವನ ಸಭೆಯಲ್ಲಿ ಆರಾಧನೆ ನಡೆಸ್ತಾನೆ. ಫೋನ್ ತೆಗೆದ, ವಾರ್ಡಿನಲ್ಲಿ ಸಿಗ್ನಲ್ ಇಲ್ಲ. ನೆನಪಿದ್ದದ್ದೆಲ್ಲ ಇಂಗ್ಲಿಷ್ ಹಾಡು, ಅದೂ ಎರಡು ಸಾಲು. ಅಜ್ಜಿಗೆ ಅರ್ಥ ಆಗೋ ಒಂದು ಹಾಡೂ ಅವನ ಬಾಯಿಗೆ ಬರಲಿಲ್ಲ. ಕೊನೆಗೆ ಅಜ್ಜಿಯೇ ಹಾಡಿದರು. ಸೋಬಾನೆ ರಾಗದ ಹಾಗೆ ಇತ್ತು, ಯೇಸಪ್ಪನ ಶಿಲುಬೆಯ ಮಾತು, ಅವರೇ ಕಟ್ಟಿಕೊಂಡದ್ದು. ಯಾವ ಪುಸ್ತಕದಲ್ಲೂ ಇಲ್ಲ. ಪಕ್ಕದ ಬೆಡ್ಡಿನವರು ತಲೆ ತಿರುಗಿಸಿ ಕೇಳಿದರು. ಆ ಹುಡುಗ ಅಜ್ಜಿಯ ಕೈ ಹಿಡ್ಕೊಂಡು ಅತ್ತ. ಎರಡು ದಿನಕ್ಕೆ ಆ ತಾಯಿ ಕರ್ತನ ಸನ್ನಿಧಿಗೆ ಹೋದರು. ಆ ಹಾಡನ್ನು ಯಾರೂ ಬರೆದಿಟ್ಟಿರಲಿಲ್ಲ. ಅವರ ಜೊತೆ ಅದೂ ಹೋಯ್ತು.

ಆ ಹುಡುಗನ ಮೇಲೆ ನಾನು ತಪ್ಪು ಹೊರಿಸ್ತಿಲ್ಲ. ಇಂಗ್ಲಿಷ್ ಹಾಡು ಹಾಡಬೇಡಿ ಅಂತಲೂ ಹೇಳ್ತಿಲ್ಲ, ಪವಿತ್ರಾತ್ಮನು ಎಲ್ಲಾ ಭಾಷೆಯನ್ನೂ ಬಲ್ಲಾತನು. ಕೀಬೋರ್ಡ್, ಡ್ರಮ್ಸ್ ಎಲ್ಲ ಇರಲಿ. ಆದರೆ ಭಾನುವಾರ ಎರಡು ಗಂಟೆ ಕೈ ಎತ್ತಿ ಹಾಡಿ, ಸೋಮವಾರದಿಂದ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬೇರೆಯವರು ಹಾಡಿದ್ದನ್ನು ಕೇಳ್ತಾ ಇದ್ದರೆ, ನಮ್ಮ ಸ್ವಂತ ಗಂಟಲಿಗೆ ಏನೂ ಉಳಿಯೋದಿಲ್ಲ. ಕೇಳೋದು ಬೇರೆ, ಹಾಡೋದು ಬೇರೆ.

ನಮ್ಮ ಕರ್ತನನ್ನೇ ನೋಡಿ. ಮತ್ತಾಯ 26:30. ಕಡೆಯ ಭೋಜನ ಆದ ಮೇಲೆ ಅವರು ಕೀರ್ತನೆ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೋದರು. ಪಸ್ಕದ ರಾತ್ರಿ ಯೆಹೂದ್ಯರ ಮನೆಗಳಲ್ಲಿ ಹಾಡುವುದು 113ರಿಂದ 118ರವರೆಗಿನ ಕೀರ್ತನೆಗಳು. ಮನೆಯ ಊಟದ ಹಾಡು ಅದು, ಮಕ್ಕಳಾಗಿದ್ದಾಗಿಂದ ಬಾಯಿಗೆ ಬಂದದ್ದು. ಶಿಲುಬೆಯ ಹಿಂದಿನ ರಾತ್ರಿ ಯೇಸುವಿನ ಬಾಯಲ್ಲಿ ಹಾಡಿತ್ತು. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲ ಸೀಲರು ಕಾಲಿಗೆ ಕೋಳ ಹಾಕಿದ್ದಾಗ ಮಧ್ಯರಾತ್ರಿಯಲ್ಲಿ ಹಾಡಿದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳ್ತಿದ್ದರು. ಆ ಕತ್ತಲೆಯಲ್ಲಿ ಪುಸ್ತಕ ತೆಗೆದು ಓದೋಕೆ ಆಗ್ತಿತ್ತಾ? ಹಗಲಿನಲ್ಲಿ ಒಳಗೆ ಇಟ್ಟದ್ದೇ ಮಧ್ಯರಾತ್ರಿಯಲ್ಲಿ ಹೊರಗೆ ಬರುತ್ತೆ. ಹಲ್ಲೆಲೂಯ!

ಮೂರು ಕೆಲಸ ಕೊಡ್ತೀನಿ, ಬರ್ಕೊಳ್ಳಿ.

ಒಂದು. ಈ ವಾರ ಒಂದೇ ಒಂದು ಕೀರ್ತನೆಯ ಎರಡು ವಚನ ತಗೊಳ್ಳಿ. ನಿಮಗೆ ಬರೋ ಸರಳ ರಾಗದಲ್ಲಿ ಹಾಡ್ಕೊಳ್ಳಿ. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ, ಬಸ್ಸಿಗೆ ಕಾಯುವಾಗ. ಶ್ರುತಿ ಸರಿ ಇಲ್ಲ ಅಂತ ನಾಚಿಕೆ ಬೇಡ, ಅಲ್ಲಿ ಯಾರೂ ರೆಕಾರ್ಡ್ ಮಾಡ್ತಿಲ್ಲ.

ಎರಡು. ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಸಭೆಯ ಹಿರಿಯ ತಾಯಂದಿರು ಇದ್ದರೆ ಅವರ ಹತ್ತಿರ ಕೂತು, ನಿಮಗೆ ಬರೋ ಹಾಡು ಹೇಳಿ ಅಂತ ಕೇಳಿ. ಫೋನಿನಲ್ಲಿ ಹಿಡ್ಕೊಳ್ಳಿ, ಬರೆದಿಡಿ, ಕಲೀರಿ. ಒಬ್ಬ ಜರ್ಮನಿಯವರು ನಮ್ಮ ನಾಡಿಗೆ ಬಂದು ಕೂತು ಕೇಳಿದರು. ನಮಗೆ ನಮ್ಮ ಮನೆ ಜಗುಲಿ ದೂರವಾ?

ಮೂರು. ದಿನಕ್ಕೊಂದು ಸಲ, ಊಟಕ್ಕೆ ಮುಂಚೆಯೋ ಮಲಗೋ ಮುಂಚೆಯೋ, ಮನೆಯವರೆಲ್ಲ ಸೇರಿ ಒಂದು ಹಾಡು. ಪಿಜಿಯಲ್ಲಿದ್ದರೆ ವಿಡಿಯೋ ಕಾಲ್ ಮಾಡಿ ಅಮ್ಮನ ಜೊತೆ ಹಾಡಿ. ವಿಶ್ವಾಸಕ್ಕೆ ಬಾರದ ಅಪ್ಪ ಪಕ್ಕದಲ್ಲಿ ಕೂತು ಕೇಳ್ತಿರಬಹುದು. ಕೈದಿಗಳು ಕೇಳಿದರಲ್ಲ!

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಮ್ಮ ನುಡಿಯಲ್ಲಿ ನಿನ್ನನ್ನು ಹಾಡಲು ದೂರದಿಂದ ಬಂದು ದುಡಿದ ನಿನ್ನ ಸೇವಕರಿಗಾಗಿ ಸ್ತೋತ್ರ. ಈ ಯುವಜನರ ಗಂಟಲನ್ನು ಮುಟ್ಟು. ಹೊಲದಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಇವರ ಬಾಯಲ್ಲಿ ನಿನ್ನ ಹಾಡು ಇರಲಿ. ಹಾಡಲಾಗದಷ್ಟು ನೊಂದಿರುವವರ ಪಕ್ಕದಲ್ಲಿ ಹಾಡುವವರೊಬ್ಬರನ್ನು ಕೂರಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.