ಪಾಲವಣಕರ ಬಾಳೂ ಮತ್ತು ಅವರ ಪ್ರೇಕ್ಷಕರು

ಪಂದ್ಯದಲ್ಲಿ ಗೆದ್ದವರಿಗಿಂತ ನೋಡಿದವರೇ ಹೆಚ್ಚು ಹಿಗ್ಗುವುದೂ ಸೋತವರಿಗಿಂತ ನೋಡಿದವರೇ ಹೆಚ್ಚು ಕುಗ್ಗುವುದೂ ಲೋಕದಲ್ಲಿ ನಿತ್ಯ ಕಾಣುವ ಸಂಗತಿ. ಚೆಂಡನ್ನು ಎಂದೂ ಕೈಯಲ್ಲಿ ಹಿಡಿಯದವರಿಗೆ ಈ ಪರಿಯ ಆವೇಶವು ಎಲ್ಲಿಂದ ಬರುತ್ತದೆಂದು ವಿಚಾರಿಸುವವರು ಪಾಲವಣಕರ ಬಾಳೂ ಅವರ ಜೀವನವನ್ನು ಅವಲೋಕಿಸಬೇಕು. ಭಾರತದ ಮೊದಲ ಶ್ರೇಷ್ಠ ಬೌಲರ್ ಎಂದು ಗಣ್ಯರಾದ ಇವರು ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದಲ್ಲಿ. ಆದರೂ ಕನ್ನಡನಾಡು ಇವರನ್ನು ನೆನೆಯುವುದು ವಿರಳ.

ಬಾಳೂ ಅವರ ಮನೆತನವು ಕೊಂಕಣದ ಪಾಲವಣ ಗ್ರಾಮದ್ದು, ಚರ್ಮಕಾರ ಕುಲದ್ದು. ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಬಾಲ್ಯವು ಪುಣೆಯಲ್ಲಿ ಕಳೆಯಿತು. ಸೈನ್ಯಾಧಿಕಾರಿಗಳು ಬಿಸುಟ ಚೆಂಡು ದಾಂಡುಗಳೇ ಅವರಿಗೂ ತಮ್ಮಂದಿರಿಗೂ ಆಟದ ಮೊದಲ ಸಾಮಗ್ರಿ. ಮೊದಲು ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ, 1892ರಿಂದ ಯುರೋಪಿಯನ್ನರ ಕ್ಲಬ್ಬಿನಲ್ಲಿ 4 ರೂಪಾಯಿ ಸಂಬಳ. ಅಂಗಳವನ್ನು ಸಮಮಾಡುವುದು, ಬಲೆ ಕಟ್ಟುವುದು, ಸಾಹೇಬರ ಅಭ್ಯಾಸಕ್ಕಾಗಿ ಚೆಂಡೆಸೆಯುವುದು, ಇವು ಕೆಲಸ. ಗ್ರೆಗ್ ಎಂಬ ನಿಪುಣ ದಾಂಡಿಗನಿಗೆ ದಿನದಿನವೂ ಎಸೆಯುತ್ತ ಬಾಳೂ ಅವರ ಎಡಗೈಯ ನಿಧಾನಗತಿಯ ಎಸೆತವು ಪಳಗಿತು. ದಾಂಡನ್ನು ಮಾತ್ರ ಅಲ್ಲಿ ಅವರ ಕೈಗೆ ಯಾರೂ ಕೊಡಲಿಲ್ಲವಂತೆ!

ಈ ಎಸೆತದ ಕೀರ್ತಿ ಹಬ್ಬಿದಾಗ ಪುಣೆಯ ಹಿಂದೂ ತಂಡದವರಿಗೆ ಧರ್ಮಸಂಕಟವುಂಟಾಯಿತು. ಯುರೋಪಿಯನ್ನರನ್ನು ಸೋಲಿಸಬೇಕಾದರೆ ಬಾಳೂ ಬೇಕು, ಬಾಳೂ ಅಸ್ಪೃಶ್ಯರು. ಕೊನೆಗೆ ತಂಡಕ್ಕೆ ಸೇರಿಸಿಕೊಂಡರು. ಅಂಗಳದೊಳಗೆ ಎಲ್ಲರೂ ಒಂದೇ ಚೆಂಡನ್ನು ಮುಟ್ಟಿದರು. ವಿರಾಮದಲ್ಲಿ ಮಾತ್ರ ಬಾಳೂ ಅವರಿಗೆ ಹೊರಗೆ, ಒಡೆದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ನ್ಯಾಯಮೂರ್ತಿ ರಾನಡೆಯವರೂ ಲೋಕಮಾನ್ಯ ತಿಲಕರೂ ಅವರನ್ನು ಬಹಿರಂಗವಾಗಿ ಗೌರವಿಸಿದರು. ಜೊತೆಯಲ್ಲಿ ಆಡಬಹುದಾದವನೊಡನೆ ಉಣ್ಣಬಾರದೇಕೆ ಎಂಬ ಪ್ರಶ್ನೆಯನ್ನು ರಾನಡೆಯವರು ಎತ್ತಿದಾಗ ಉತ್ತರ ಕೊಡುವುದು ಯಾರಿಗೂ ಸುಲಭವಾಗಿರಲಿಲ್ಲ.

ಪುಣೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಬಾಳೂ ಮುಂಬಯಿ ಸೇರಿದರು. ಅಲ್ಲಿನ ಹಿಂದೂ ಜಿಮಖಾನಾ ಅವರನ್ನು ಬರಮಾಡಿಕೊಂಡಿತು; ರೈಲ್ವೆಯಲ್ಲಿ ಉದ್ಯೋಗವೂ ದೊರೆಯಿತು. 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ನಡೆದ ಪಂದ್ಯವು ಇಡೀ ನಗರವನ್ನು ಅಲುಗಾಡಿಸಿತು. ಬಂಗಾಲದ ವಿಭಜನೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸ್ವದೇಶಿಯ ಕಾವು ಎಲ್ಲೆಡೆ ಹರಡಿತ್ತು. ಜಪಾನು ರಷ್ಯಾವನ್ನು ಮಣಿಸಿದ ವಾರ್ತೆಯು ಏಷ್ಯದ ಜನರ ಎದೆಯಲ್ಲಿ ಹೊಸ ಧೈರ್ಯವನ್ನು ತುಂಬಿತ್ತು. ಆಳುವವರನ್ನು ಬಹಿರಂಗವಾಗಿ ಎದುರಿಸಿ ಗೆಲ್ಲಬಹುದಾದ ಸ್ಥಳ, ನಿಯಮಬದ್ಧವಾಗಿ, ಶಿಕ್ಷೆಯ ಭಯವಿಲ್ಲದೆ, ಆಟದ ಬಯಲಲ್ಲದೆ ಬೇರೆ ಯಾವುದಿತ್ತು? ಹಿಂದೂಗಳು 109 ಓಟಗಳಿಂದ ಗೆದ್ದರು. ಬಾಳೂ ಅವರ ಎಸೆತದ ತಿರುವು ಈ ಜಯಕ್ಕೆ ಒಂದು ಆಧಾರಸ್ತಂಭವಾಗಿತ್ತು. ನ್ಯಾಯಾಲಯದಲ್ಲಿ, ಕಚೇರಿಯಲ್ಲಿ, ರೈಲುಗಾಡಿಯಲ್ಲಿ ತಲೆತಗ್ಗಿಸಿ ನಡೆಯಬೇಕಾಗಿದ್ದ ಜನರು ಅಂದು ತಲೆಯೆತ್ತಿ ಮನೆಗೆ ಮರಳಿದರು. ಚೆಂಡನ್ನು ಎಸೆದವರು ಬಾಳೂ. ಎಸೆದಂತೆ ಅನಿಸಿದ್ದು ಸಾವಿರಾರು ಜನರಿಗೆ.

1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ತೆರಳಿದ ಅಖಿಲ ಭಾರತ ತಂಡದಲ್ಲಿ ಬಾಳೂ 114 ವಿಕೆಟ್ಟುಗಳನ್ನು ಪಡೆದರು. ಸೋಲುಗಳೇ ಹೆಚ್ಚಾಗಿದ್ದ ಆ ಪ್ರವಾಸದಲ್ಲಿ ಆ ಸಾಧನೆ ಒಂಟಿ ದೀಪದಂತಿತ್ತು. ತಮ್ಮ ಶಿವರಾಮರೂ ಜೊತೆಯಲ್ಲಿದ್ದರು. ಮರಳಿ ಬಂದಾಗ ಮುಂಬಯಿಯ ದಲಿತ ಸಮುದಾಯಗಳು ಬಾಳೂ ಅವರಿಗೆ ಸನ್ಮಾನ ಏರ್ಪಡಿಸಿದವು. ತಮ್ಮ ಮಕ್ಕಳಿಗೆ ತೋರಿಸಿ ಹೇಳಬಹುದಾದ ಹೆಸರು ಅವರಿಗೆ ಆವರೆಗೆ ಎಷ್ಟಿತ್ತು! ಆ ಅಭಿಮಾನಿಗಳಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ತರುಣ ವಿದ್ಯಾರ್ಥಿ ಭೀಮರಾವ್ ಅಂಬೇಡಕರರೂ ಒಬ್ಬರು.

ಕ್ರೀಡಾಭಿಮಾನವು ಸದಾ ನ್ಯಾಯವಂತವೆಂದು ಭಾವಿಸುವುದು ತಪ್ಪಾದೀತು. ವಿಕೆಟ್ ಬಿದ್ದಾಗ ಕುಣಿದಾಡಿದವರಲ್ಲಿ ಅನೇಕರು ಮನೆಯ ಹೊಸ್ತಿಲಲ್ಲಿ ಅವರನ್ನು ತಡೆಯುತ್ತಿದ್ದವರೇ. ವರುಷ ವರುಷವೂ ಹಿಂದೂ ತಂಡದ ನಾಯಕತ್ವವು ಮೇಲ್ಜಾತಿಯವರ ಪಾಲಾಯಿತು. 1920ರಲ್ಲಿ ಈ ಅನ್ಯಾಯವನ್ನು ಪ್ರತಿಭಟಿಸಿ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮರು ತಂಡದಿಂದ ಹಿಂದೆ ಸರಿದರು. ಆಗ ಮುಂಬಯಿಯ ಜನಾಭಿಪ್ರಾಯವು ಸಹೋದರರ ಪರವಾಗಿ ಎದ್ದಿತು, ಬಾಳೂ ಉಪನಾಯಕರಾದರು. 1923ರಲ್ಲಿ ವಿಠ್ಠಲರು ನಾಯಕರಾಗಿ ಯುರೋಪಿಯನ್ನರ ಮೇಲೆ ಜಯ ಸಾಧಿಸಿದಾಗ ಜನರು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದವರೆಂದು ಶಾಸ್ತ್ರ ಹೇಳಿದ್ದ ದೇಹವನ್ನು ಎಲ್ಲ ಜಾತಿಯ ಹೆಗಲುಗಳೂ ಹೊತ್ತವು. ಅಣ್ಣನಿಗೆ ದೊರೆಯದುದು ತಮ್ಮನಿಗೆ ದೊರೆಯಿತು.

ಆಟದಿಂದ ನಿವೃತ್ತರಾದ ಮೇಲೆ ಬಾಳೂ ಗಾಂಧೀಜಿಯವರ ಹಾದಿಯನ್ನು ಹಿಡಿದರು. 1932ರಲ್ಲಿ ಪ್ರತ್ಯೇಕ ಮತಕ್ಷೇತ್ರಗಳ ವಿವಾದದಲ್ಲಿ ಅವರು ಅಂಬೇಡಕರರ ನಿಲುವನ್ನು ಒಪ್ಪಲಿಲ್ಲ. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು ಅಂಬೇಡಕರರ ಎದುರು ಬಾಳೂ ಅವರನ್ನೇ ನಿಲ್ಲಿಸಿತು. ಒಂದು ಕಾಲದ ವೀರನೂ ಆ ವೀರನನ್ನು ಕೊಂಡಾಡಿದ ತರುಣನೂ ಹೀಗೆ ಮುಖಾಮುಖಿಯಾದರು. ಅಂಬೇಡಕರರಿಗೆ 13,245 ಮತಗಳು ಬಂದವು, ಬಾಳೂ ಅವರಿಗೆ 11,225. ಹತ್ತಾರು ವರ್ಷಗಳ ಹಿಂದೆ ಬಯಲಿನ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಎಷ್ಟೋ ಜನರು ಅಂದು ಯಾರಿಗೆ ಮತ ಹಾಕಬೇಕೆಂದು ತೊಳಲಾಡಿರಬೇಕು.

ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಉಳಿದಿರುವುದು 33 ಪ್ರಥಮ ದರ್ಜೆಯ ಪಂದ್ಯಗಳು, 179 ವಿಕೆಟ್ಟುಗಳು. ಅಂತ್ಯಸಂಸ್ಕಾರಕ್ಕೆ ರಾಜಕಾರಣಿಗಳೂ ಬಂದರು, ಕ್ರಿಕೆಟ್ ಆಟಗಾರರೂ ಬಂದರು.