ಈಜುಗಾರ್ತಿ ಆನೆಟ್ ಕೆಲರ್‌ಮನ್

ಆಸ್ಟ್ರೇಲಿಯದ ಸಿಡ್ನಿ ನಗರದ ಮ್ಯಾರಿಕ್‌ವಿಲ್ ಎಂಬ ಭಾಗದಲ್ಲಿ 1886ನೆಯ ಇಸವಿಯ ಜುಲೈ 6ರಂದು ಆನೆಟ್ ಕೆಲರ್‌ಮನ್ ಜನಿಸಿದಳು. ತಂದೆ ಫ್ರೆಡರಿಕ್ ಪಿಟೀಲುವಾದಕ. ತಾಯಿ ಆಲಿಸ್ ಪಿಯಾನೊ ವಾದನದಲ್ಲಿ ನಿಪುಣೆ. ಮನೆಯಲ್ಲಿ ಸಂಗೀತಕ್ಕೆ ಕೊರತೆಯಿರಲಿಲ್ಲ. ಮಗುವಿನ ಕಾಲುಗಳಲ್ಲಿ ಮಾತ್ರ ಬಲವಿರಲಿಲ್ಲ. ಓರಗೆಯ ಮಕ್ಕಳು ಕುಣಿದು ಕುಪ್ಪಳಿಸುವ ಆರನೆಯ ವಯಸ್ಸಿನಲ್ಲಿ ಅವಳು ಕಾಲುಗಳಿಗೆ ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡು ನಡೆಯಬೇಕಾಯಿತು. ಅವು ಕೊಡುತ್ತಿದ್ದ ನೋವು ಅಷ್ಟಿಷ್ಟಲ್ಲ.

ಕಾಲಿಗೆ ಶಕ್ತಿ ಬರಲೆಂದು ತಂದೆತಾಯಿಗಳು ಅವಳನ್ನು ಸಿಡ್ನಿಯ ಕ್ಯಾವಿಲ್ ಈಜುಕೊಳಕ್ಕೆ ಸೇರಿಸಿದರು. ನೆಲದ ಮೇಲೆಯೇ ಸರಿಯಾಗಿ ನಡೆಯಲಾರದ ಮಗುವನ್ನು ನೀರಿಗಿಳಿಸುವುದು ವಿಚಿತ್ರವೆಂದು ತೋರಬಹುದು. ಆದರೆ ದುರ್ಬಲವಾದ ಕಾಲುಗಳಿಗೆ ನೀರು ಒಳ್ಳೆಯ ಆಸರೆ. ನೆಲದ ಮೇಲೆ ದೇಹದ ಭಾರವೆಲ್ಲ ಕಾಲುಗಳ ಮೇಲೆ ಬೀಳುತ್ತದೆ. ನೀರಿನಲ್ಲಿ ಆ ಭಾರದ ಬಹುಪಾಲನ್ನು ನೀರೇ ಹೊರುತ್ತದೆ. ಹಾಗೆಂದು ಸ್ನಾಯುಗಳಿಗೆ ಅಲ್ಲಿ ವಿಶ್ರಾಂತಿಯಿಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಅದನ್ನು ತಳ್ಳಿಯೇ ಮುಂದೆ ಸಾಗಬೇಕು. ಹೀಗೆ ಕೀಲುಗಳಿಗೆ ಪೆಟ್ಟಾಗದಂತೆ ತೋಳು, ತೊಡೆ, ಬೆನ್ನುಗಳು ಬಲಿಯುತ್ತವೆ, ಉಸಿರಾಟ ಹದಗೊಳ್ಳುತ್ತದೆ, ಹೃದಯ ದೃಢವಾಗುತ್ತದೆ.

ಆದರೆ ಈ ಫಲ ಒಂದೆರಡು ದಿನಗಳಲ್ಲಿ ದೊರೆಯತಕ್ಕದ್ದಲ್ಲ. ಆನೆಟ್ ವರ್ಷಗಟ್ಟಲೆ ಅಭ್ಯಾಸ ಮಾಡಿದಳು. 13ನೆಯ ವಯಸ್ಸಿನ ವೇಳೆಗೆ ಅವಳ ಕಾಲುಗಳು ಬಹುಮಟ್ಟಿಗೆ ಸಹಜಸ್ಥಿತಿಗೆ ಬಂದವು. 15ನೆಯ ವಯಸ್ಸಿಗೆ ಎಲ್ಲ ಬಗೆಯ ಈಜೂ ಅವಳಿಗೆ ಕರಗತವಾಗಿತ್ತು. 1902ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ಮಹಿಳೆಯರ 100 ಗಜಗಳ ಸ್ಪರ್ಧೆಯಲ್ಲಿಯೂ ಒಂದು ಮೈಲಿಯ ಸ್ಪರ್ಧೆಯಲ್ಲಿಯೂ ಅವಳೇ ಗೆದ್ದಳು.

ಮುಂದೆ ಆಕೆ ತಂದೆಯೊಡನೆ ಇಂಗ್ಲೆಂಡಿಗೆ ತೆರಳಿದಳು. 1905ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಮೂರು ಬಾರಿ ಯತ್ನಿಸಿದಳು. ಮೂರು ಬಾರಿಯೂ ದಡ ಸೇರಲಾಗಲಿಲ್ಲ. ಆದರೂ ಒಮ್ಮೆ ಆ ಕೊರೆಯುವ ನೀರಿನಲ್ಲಿ ಹತ್ತೂವರೆ ಗಂಟೆಗಳ ಕಾಲ ಈಜಿದಳು. ಉಕ್ಕಿನ ಪಟ್ಟಿಯಿಲ್ಲದೆ ನಡೆಯಲಾರದಿದ್ದ ಕಾಲುಗಳು ಅವು ಎಂಬುದನ್ನು ನೆನೆದರೆ ಆ ಸೋಲೂ ಸಣ್ಣದೆನಿಸದು.

ಆ ಕಾಲದಲ್ಲಿ ಸ್ತ್ರೀಯರು ಮೈತುಂಬ ಬಟ್ಟೆ ತೊಟ್ಟು ನೀರಿಗಿಳಿಯಬೇಕಾಗಿತ್ತು. ನೆನೆದ ಬಟ್ಟೆಯ ಭಾರದಿಂದ ಕೈಕಾಲು ಆಡಿಸುವುದೇ ಕಷ್ಟವಾಗುತ್ತಿತ್ತು. ಆನೆಟ್ ಮೈಗೆ ಒಪ್ಪುವ ಒಂದೇ ತುಂಡಿನ ಈಜುಡುಗೆಯನ್ನು ಧರಿಸಿದಳು. ಟೀಕೆಗಳು ಬಂದರೂ ಹಿಂಜರಿಯಲಿಲ್ಲ. 1907ರಲ್ಲಿ ನ್ಯೂಯಾರ್ಕಿನ ಹಿಪೊಡ್ರೋಮ್ ರಂಗಮಂದಿರದಲ್ಲಿ ಗಾಜಿನ ತೊಟ್ಟಿಯೊಳಗೆ ಜಲನೃತ್ಯವನ್ನು ಪ್ರದರ್ಶಿಸಿದಳು. ಮೂಕಿ ಚಿತ್ರಗಳಲ್ಲಿಯೂ ನಟಿಸಿ ಹೆಸರಾದಳು. 1918ರಲ್ಲಿ ಈಜು ಕಲಿಸುವ ಪುಸ್ತಕವನ್ನು ಬರೆದಳು. ಸ್ತ್ರೀಯರಿಗೆ ವ್ಯಾಯಾಮದ ಅಗತ್ಯವನ್ನು ತಿಳಿಸುತ್ತ ಉಪನ್ಯಾಸಗಳನ್ನಿತ್ತಳು. ಆಕೆ ಜೀವನಪರ್ಯಂತ ಸಸ್ಯಾಹಾರಿಯಾಗಿದ್ದಳು.

ಕೀರ್ತಿ ಬಂದ ಮೇಲೂ ಆಕೆ ಈಜನ್ನು ಬಿಡಲಿಲ್ಲ. ಮುಪ್ಪಿನಲ್ಲಿಯೂ ಈಜು, ವ್ಯಾಯಾಮಗಳು ನಡೆದೇ ಇದ್ದವು. ಕೊನೆಗಾಲದ ಸಮೀಪದವರೆಗೂ ಆ ಅಭ್ಯಾಸ ತಪ್ಪಲಿಲ್ಲ. 1975ರ ನವೆಂಬರ್ 6ರಂದು, 89ನೆಯ ವಯಸ್ಸಿನಲ್ಲಿ ಆನೆಟ್ ನಿಧನಳಾದಳು. ಆಕೆಯ ಚಿತಾಭಸ್ಮವನ್ನು ಪೆಸಿಫಿಕ್ ಸಾಗರದಲ್ಲಿ ವಿಸರ್ಜಿಸಲಾಯಿತು.

ಹುಟ್ಟಿನಿಂದ ಬಲಶಾಲಿಗಳಾದವರು ಗೆಲ್ಲುವುದು ಅಚ್ಚರಿಯಲ್ಲ. ಬಲವಿಲ್ಲದ ಮಗುವೊಂದು ಬಿಡದ ಅಭ್ಯಾಸದಿಂದ ಬಲವನ್ನು ಸಂಪಾದಿಸಿ, ಅದನ್ನು ಮುಪ್ಪಿನವರೆಗೂ ಕಾಪಾಡಿಕೊಂಡಿತು. ಆನೆಟ್ ಕೆಲರ್‌ಮನ್‌ಳ ಹಿರಿಮೆ ಇರುವುದು ಇಲ್ಲಿಯೇ.